ಕೋರಂ ತಡೆ: ಬ್ಯಾಕ್ಟೀರಿಯಾಗಳ ಸಭೆ ಕೂಡದಂತೆ ಮಾಡುವ ಅಣು

ಶಿರಸಿ ಕಡೆಯ ಸೊಸೈಟಿಗಳ ವಾರ್ಷಿಕ ಸಭೆಗೆ ಹೋದವರಿಗೆ ‘ಕೋರಂ’ ಹೊಸ ಮಾತಲ್ಲ. ಇಷ್ಟು ಸದಸ್ಯರು ಸೇರದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಬ್ಯಾಕ್ಟೀರಿಯಾಗಳೂ ಹೀಗೇ ತಲೆ ಎಣಿಸುತ್ತವೆ. 1994ರಲ್ಲಿ ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ‘ಕೋರಂ ಸೆನ್ಸಿಂಗ್’. ನಾನು ‘ಕೋರಂ ಅರಿವು’ ಎನ್ನುತ್ತೇನೆ. ಕೋರಂ ಹೇಗೂ ನಮ್ಮ ಮಾತೇ ಆಗಿಹೋಗಿದೆ.

ಎಣಿಸುವುದು ಹೇಗೆ? ಪ್ರತಿ ಕೋಶವೂ ಒಂದು ಪುಟ್ಟ ಸಂಕೇತ ಅಣುವನ್ನು ಹೊರಗೆ ಬಿಡುತ್ತಿರುತ್ತದೆ. ಕೋಶ ಒಂಟಿಯಾಗಿದ್ದರೆ ಆ ಅಣು ನೀರಿನಲ್ಲಿ ಹರಡಿ ಹೋಗುತ್ತದೆ. ಗುಂಪು ದಟ್ಟವಾದರೆ ಅಣುವೂ ದಟ್ಟವಾಗಿ, ಸಂಕೇತವನ್ನು ಹಿಡಿಯುವ ‘ಗ್ರಾಹಕ’ ಪ್ರೋಟೀನಿಗೆ ಅಂಟಿಕೊಂಡು, ಸುಮ್ಮನಿದ್ದ ಜೀನುಗಳನ್ನು ಎಲ್ಲ ಕೋಶಗಳಲ್ಲೂ ಒಟ್ಟಿಗೆ ಎಬ್ಬಿಸುತ್ತದೆ. ಬೆಳಕು ಬೀರುವ ಕಡಲ ಬ್ಯಾಕ್ಟೀರಿಯಾದಲ್ಲಿ ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ ಇದನ್ನು 1970ರಲ್ಲೇ ಗುರುತಿಸಿದ್ದರು. (ಕಾರವಾರದ ಅಲೆಗಳು ಕೆಲವು ರಾತ್ರಿ ನೀಲಿಯಾಗಿ ಹೊಳೆಯುವುದು ಬೇರೆ, ಅದು ನಾಕ್ಟಿಲೂಕ ಎಂಬ ಏಕಕೋಶ ಜೀವಿಯ ಬೆಳಕು.)

ಹೀಗೆ ಕೋರಂ ತುಂಬಿದ ಮೇಲೆ ಹಲವು ಬ್ಯಾಕ್ಟೀರಿಯಾಗಳು ಕಟ್ಟಿಕೊಳ್ಳುವ ಕೋಟೆಯೇ ಬಯೋಫಿಲ್ಮ್. ಕಾರವಾರದ ಬೈತಖೋಲ ಬಂದರಿನಲ್ಲಿ ನೀರಿನಿಂದ ಮೇಲೆತ್ತಿದ ದೋಣಿಯ ತಳ ಮುಟ್ಟಿ ನೋಡಿ, ಕೈ ಜಾರುತ್ತದೆ. ಆ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳು ತಾವೇ ಒಸರಿಸಿದ ಅಂಟಿನೊಳಗೆ ಹುದುಗಿ ಕೂತಿರುತ್ತವೆ. ದೋಣಿಗಾದರೆ ಕೆರೆದು ಬಣ್ಣ ಬಳಿಯಬಹುದು. ಇಂಥದೇ ಲೋಳೆ ಆಸ್ಪತ್ರೆಯಲ್ಲಿ ಮೂತ್ರಕ್ಕೆ ಹಾಕಿದ ನಳಿಕೆಯಲ್ಲೋ ಕೃತಕ ಮೊಣಕಾಲಿನ ಮೇಲೋ ಕೂತರೆ ಏನು ಮಾಡುವುದು? ಒಂಟಿ ಕೋಶವನ್ನು ಕೊಲ್ಲುವ ಆಂಟಿಬಯಾಟಿಕ್ಕನ್ನು ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚಿಸಿದರೂ ಒಳಗಿನವು ಉಳಿದುಬಿಡುತ್ತವೆ.

ಉಪಾಯ ಸಿಕ್ಕಿದ್ದೂ ಕಡಲಿನಲ್ಲೇ. ಆಸ್ಟ್ರೇಲಿಯಾದ ‘ಡೆಲಿಸಿಯಾ ಪುಲ್ಕ್ರಾ’ ಎಂಬ ಕೆಂಪು ಕಡಲಪಾಚಿಯ ಮೈಮೇಲೆ ಲೋಳೆ ಅಷ್ಟಾಗಿ ನಿಲ್ಲುವುದಿಲ್ಲ. ಅದು ತಯಾರಿಸುವ ಫ್ಯುರನೋನ್ ಅಣುಗಳು ಬ್ಯಾಕ್ಟೀರಿಯಾದ ಸಂಕೇತವನ್ನೇ ಹೋಲುತ್ತವೆ. ಗ್ರಾಹಕ ಕೆಲಸ ಮಾಡದಂತೆ ಕೆಡಿಸುತ್ತವೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸಭೆ ಮಾತ್ರ ಕೂಡುವುದಿಲ್ಲ. ಇದನ್ನೇ ‘ಕೋರಂ ತಡೆ’ ಎಂದು ಕರೆಯಬಹುದು.

ಕೊಲ್ಲದಿರುವುದೇ ಇದರ ದೊಡ್ಡ ಗುಣ ಎಂದು ನನಗನ್ನಿಸುತ್ತದೆ. ಕೊಲ್ಲುವ ಮದ್ದಿಗೆ ತಪ್ಪಿಸಿಕೊಂಡ ಗಟ್ಟಿ ಬ್ಯಾಕ್ಟೀರಿಯಾಗಳೇ ಮುಂದೆ ಬೆಳೆಯುತ್ತವೆ. ಇಲ್ಲಿ ಆ ಒತ್ತಡ ಕಡಿಮೆ. ಕಡಿಮೆ ಅಷ್ಟೇ. ಪ್ರಯೋಗಾಲಯದಲ್ಲಿ ಫ್ಯುರನೋನನ್ನು ಹೊರಗೆ ತಳ್ಳಿ ಬದುಕುವ ಬ್ಯಾಕ್ಟೀರಿಯಾಗಳೂ ಕಂಡಿವೆ. ಇಲಿಗಳ ಶ್ವಾಸಕೋಶದಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕನ್ನು ಕೃತಕ ಫ್ಯುರನೋನ್ ತಗ್ಗಿಸಿದ್ದು 2003ರಲ್ಲೇ ವರದಿಯಾಗಿದೆ. ಆದರೆ ಅದು ನಮ್ಮ ಜೀವಕೋಶಗಳಿಗೂ ವಿಷ. ಹಾಗಾಗಿ ಸಂಕೇತವನ್ನು ಹೋಲುವ ಆಕಾರ ಉಳಿಸಿ, ವಿಷ ತಗ್ಗಿಸಲು ರಸಾಯನ ವಿಜ್ಞಾನಿಗಳು ಅಣುವಿನ ಒಂದೊಂದೇ ತುಣುಕು ಬದಲಿಸಿ ನೋಡುತ್ತಿದ್ದಾರೆ.