ಕೆಲಸ ಇಷ್ಟ, ಆದರೂ ಸಾಕಾಗಿದೆ: ಇದು ಬರ್ನ್‌ಔಟಾ?

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ಕೆಲಸ ಇಷ್ಟವೇ, ಆದರೂ ಸಾಕಾಗಿಹೋಗಿದೆ. ಇಷ್ಟಪಟ್ಟು ಮಾಡುವವರಿಗೆ ಬರ್ನ್‌ಔಟ್ ಆಗಲ್ಲ ಅಂತಾರಲ್ಲ?

ಉತ್ತರ: ಅಂತಾರೆ. ಎಷ್ಟು ಸಲ ಅಲ್ಲಗಳೆದರೂ ಅಂತಲೇ ಇರುತ್ತಾರೆ. ಆಗುತ್ತದೆ ಕಣ್ರೀ, ಚೆನ್ನಾಗಿಯೇ ಆಗುತ್ತದೆ.

ತೃಪ್ತಿ ಕೊಡುವ ಸಂಗತಿಗಳೇ ಬೇರೆ, ಅತೃಪ್ತಿ ತರುವವೇ ಬೇರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಎರಡೂ ಒಬ್ಬರಲ್ಲೇ, ಒಂದೇ ದಿನ ಇರಬಹುದು.

ಹತ್ತು ಡೋಸಿನ ದಡಾರ ಲಸಿಕೆಯ ವಯಲ್ (ಪುಟ್ಟ ಸೀಸೆ) ತೆಗೆದುಕೊಳ್ಳಿ. ಬಂದಿರುವುದು ಒಂದೇ ಮಗು. ದ್ರಾವಕ ಬೆರೆಸಿದ ಮೇಲೆ ಕೆಲವೇ ಗಂಟೆಗಳೊಳಗೆ, ಲಸಿಕೆ ಹಾಕುವುದು ಅದಕ್ಕೂ ಮೊದಲೇ ಮುಗಿದರೆ ಆಗಲೇ, ಉಳಿದ ಒಂಬತ್ತು ಡೋಸ್ ಎಸೆಯಬೇಕು. ಒಂದೇ ಮಗುವಿದ್ದರೂ ತೆರೆಯಿರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತೆರೆದರೆ ಮೇಲಿನವರು ಕೇಳುವುದು ‘ಇಷ್ಟು ವೇಸ್ಟೇಜ್ ಯಾಕೆ?’, ತೆರೆಯದಿದ್ದರೆ ‘ಮಗು ಯಾಕೆ ಬಿಟ್ಟುಹೋಯಿತು?’ ಉದಾಸೀನದವರು ನಾಳೆ ಬನ್ನಿ ಅಂದುಬಿಡುತ್ತಾರೆ. ಕೆಲಸದ ಮೇಲೆ ಅಕ್ಕರೆ ಇರುವವರು ವಯಲ್ ತೆರೆದು, ಚುಚ್ಚಿ, ಆಮೇಲೆ ಕೂತು ವಿವರಣೆ ಬರೆಯುತ್ತಾರೆ. ಯಾರು ಬೇಗ ಬಸವಳಿಯುತ್ತಾರೆ, ನೀವೇ ಹೇಳಿ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ ಐಸಿಡಿ-11 ಪ್ರಕಾರ ಬರ್ನ್‌ಔಟ್ ಕಾಯಿಲೆಯಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ. ಲಕ್ಷಣ ಮೂರು: ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ಕೈಲಾಗುತ್ತಿಲ್ಲ ಎಂಬ ಭಾವ. ರಜೆಯಲ್ಲೂ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಖಿನ್ನತೆ ಇರಬಹುದು, ವೈದ್ಯರಿಗೆ ತೋರಿಸಿ.

ರಜೆಯಿಂದ ದಣಿವು ಆರುತ್ತದೆ, ರಿಜಿಸ್ಟರ್‌ಗಳು ಹಾಗೇ ಕಾಯುತ್ತಿರುತ್ತವೆ. ಒಂದು ವಾರ ಲೆಕ್ಕ ಇಡಿ: ಒಂದೇ ಮಗುವಿನ ಹೆಸರನ್ನು ಎಷ್ಟು ಕಡೆ ಬರೆದಿರಿ, ಪ್ರತಿ ಕಾಲಂ ಅನ್ನು ಓದುವವರು ಯಾರು? ಓದುವವರಿಲ್ಲದ ಕಾಲಂಗಳ ಪಟ್ಟಿ ಹಿಡಿದು, ಒಬ್ಬರೇ ಹೋಗದೆ ಸಹೋದ್ಯೋಗಿಗಳೆಲ್ಲ ಸೇರಿ ಮೇಲಧಿಕಾರಿಯ ಬಳಿ ಹೋಗಿ.

ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಬರ್ನ್‌ಔಟ್ ಅಳೆಯುವ ಮ್ಯಾಸ್ಲಾಕ್ ಪ್ರಶ್ನಾವಳಿಯ 22 ಪ್ರಶ್ನೆಗಳ ಅಂಕ ಕೂಡಿಸಿ ‘ಒಟ್ಟು ಇಷ್ಟು’ ಅನ್ನುವವರಿದ್ದಾರೆ. ಹಾಗೆ ಕೂಡಿಸಬಾರದು. ದಣಿವಿಗೆ 9, ಜನರನ್ನು ಜನರಂತೆ ಕಾಣದಿರುವುದಕ್ಕೆ 5, ಸಾಧನೆಗೆ 8 ಪ್ರಶ್ನೆ; ಪ್ರತಿ ಪ್ರಶ್ನೆಗೂ 0ರಿಂದ 6 ಅಂಕ. ಮೊದಲೆರಡರಲ್ಲಿ ಅಂಕ ಏರಿದಷ್ಟೂ ಕೆಟ್ಟದ್ದು, ಮೂರನೆಯದರಲ್ಲಿ ಇಳಿದಷ್ಟೂ ಕೆಟ್ಟದ್ದು. ದಣಿವಿನಲ್ಲಿ 54ಕ್ಕೆ 40, ಸಾಧನೆಯಲ್ಲಿ 48ಕ್ಕೆ 42 ಒಬ್ಬರಿಗೇ ಬರಬಹುದು. ನಿಮ್ಮ ಪತ್ರ ನೋಡಿದರೆ, ನಿಮಗೂ ಬಹುಶಃ ಹಾಗೇ.