ಮೊದಲು ಹಿಂಬರಹ ತನ್ನಿ, ಆಮೇಲೆ ರಿಟ್ ಮಾತು

ಪಿಂಚಣಿ ನಿಂತಿದೆ, ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಬಿಟ್ಟುಹೋಗಿದೆ ಅಂತ ನನ್ನ ಬಳಿ ಸಲಹೆಗೆ ಬರುವವರು ಕೂತ ತಕ್ಷಣ ಹೇಳುವುದು ಇದನ್ನೇ: "ಸಂವಿಧಾನದಲ್ಲೇ ಇದೆಯಲ್ಲ ಸಾರ್, ಹೈಕೋರ್ಟಿಗೆ ರಿಟ್ ಹಾಕಿ." (ರಿಟ್ ಅಂದರೆ ಅಧಿಕಾರಿಗೆ ಆದೇಶ ಕೊಡಿ ಅಂತ ಹೈಕೋರ್ಟನ್ನು ಕೇಳುವ ಅರ್ಜಿ.)

ಇದೆ, ಇಲ್ಲ ಅಂದವರು ಯಾರು? ಮುಪ್ಪು, ಕಾಯಿಲೆ, ನಿರುದ್ಯೋಗದಲ್ಲಿ ಸರ್ಕಾರ ನೆರವಾಗಬೇಕು ಅಂತ 41ನೇ ವಿಧಿ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ, ಅಂದರೆ ಸರ್ಕಾರಕ್ಕೆ ದಾರಿ ತೋರಿಸುವ ಸೂಚನೆ. ಅದನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲು ಬರುವುದಿಲ್ಲ ಅಂತ 37ನೇ ವಿಧಿಯಲ್ಲೇ ಬರೆದಿದೆ. ನಿಮಗೆ ಹಿಡಿತ ಸಿಗುವುದು ಕಾಯ್ದೆ ಮತ್ತು ಸರ್ಕಾರಿ ಆದೇಶಗಳಲ್ಲಿ. 2013ರ ಆಹಾರ ಭದ್ರತಾ ಕಾಯ್ದೆ ನೋಡಿ: ಆದ್ಯತಾ ಕುಟುಂಬದ ಒಬ್ಬೊಬ್ಬರಿಗೂ ತಿಂಗಳಿಗೆ 5 ಕೆಜಿ ಧಾನ್ಯ, ಕೊಡದಿದ್ದರೆ ಭತ್ಯೆ.

ಸರಿ, ಕಾಯ್ದೆ ಇದೆ. ನೀವು ಕೇಳಿದ್ದಕ್ಕೆ ದಾಖಲೆ ಎಲ್ಲಿ?

ಇಲ್ಲೇ ಎಲ್ಲರೂ ಎಡವುವುದು. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು: ಆಧಾರ್, ಪಾಸ್‌ಬುಕ್, ಗಂಡನ ಮರಣ ಪ್ರಮಾಣಪತ್ರ, ಯಾರೋ ಮುಖಂಡರ ಶಿಫಾರಸು ಪತ್ರ.

"ಅರ್ಜಿ ಕೊಟ್ಟಿದ್ದೀರಾ ಅಮ್ಮ?"

"ವಾರವಾರ ಹೋಗ್ತೀನಲ್ಲಪ್ಪ, ಅವ್ರಿಗೆಲ್ಲಾ ನನ್ನ ಮುಖ ಗೊತ್ತು."

ಮುಖ ಗೊತ್ತಿದ್ದರೆ ಕೋರ್ಟಿಗೆ ಸಾಲದು. ಅಧಿಕಾರಿಗೆ "ಈ ಕೆಲಸ ಮಾಡು" ಅಂತ ಆದೇಶ ಬೇಕಿದ್ದರೆ, ಸಾಮಾನ್ಯವಾಗಿ ನೀವು ಮೊದಲು ಕೇಳಿರಬೇಕು. ಅವರು ಆಗಲ್ಲ ಅಂದಿರಬೇಕು, ಇಲ್ಲವೇ ಉತ್ತರ ಕೊಡದೆ ಸುಮ್ನೆ ಕೂತಿರಬೇಕು. ಎರಡಕ್ಕೂ ಕಾಗದ ಬೇಕು. "ಮುಂದಿನ ವಾರ ಬನ್ನಿ" ಅನ್ನುವ ಮಾತಿಗೆ ತಾರೀಕೂ ಇಲ್ಲ, ಸಹಿಯೂ ಇಲ್ಲ. ಕಚೇರಿಗಳಿಗೆ ಬಾಯಿಮಾತು ಅಷ್ಟು ಇಷ್ಟವಾಗುವುದು ಅದಕ್ಕೇ ಅಂತ ನನ್ನ ಅನುಮಾನ.

ಎಲ್ಲಕ್ಕೂ ಇದೇ ನಿಯಮ ಅಂತ ತಿಳಿಯಬೇಡಿ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಹಕೀಂ ಶೇಖ್ ಎಂಬ ಕೂಲಿಕಾರರನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಸೇರಿಸಿಕೊಳ್ಳದೆ ವಾಪಸ್ ಕಳಿಸಿತು. ಹಾಸಿಗೆ ಇಲ್ಲ ಅಂದರು. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಿಸುವ ಹಕ್ಕಿನ ಉಲ್ಲಂಘನೆ ಅಂದು 25,000 ರೂಪಾಯಿ ಪರಿಹಾರ ಕೊಡಿಸಿತು. ಹಣದ ಕೊರತೆ ನೆಪವಾಗದು ಅಂತಲೂ ಹೇಳಿತು. ತಲೆಗೆ ಪೆಟ್ಟು ಬಿದ್ದವರನ್ನು ಅರ್ಜಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಆದರೆ ತಿಂಗಳುಗಟ್ಟಲೆ ನಿಂತ ಪಿಂಚಣಿಗೆ ಕೇಳುತ್ತಾರೆ.

ಅರ್ಜಿಯಲ್ಲಿ ಬಡತನದ ಕಥೆ ಜಾಸ್ತಿ ಬೇಡ. ಯಾವ ಯೋಜನೆ, ಯಾವ ತಿಂಗಳಿಂದ ನಿಂತಿದೆ, ಏನು ಮಾಡಿಕೊಡಬೇಕು, ಇಷ್ಟು ಸಾಕು. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಹಿಂಬರಹ ಕೊಡಿ, ಅಂದರೆ ಅದನ್ನೇ ಬರೆದು ಸಹಿ ಹಾಕಿ ಕೊಡಿ ಅಂತ ಕೇಳಿ. ಎಷ್ಟೋ ಸಲ ಹಿಂಬರಹ ಕೇಳಿದ ಕೂಡಲೇ ಕಡತ ಸಿಕ್ಕಿಬಿಡುತ್ತದೆ! ನೀವು ಕೇಳುವ ಸೇವೆ ಕರ್ನಾಟಕದ ಸಕಾಲ ಪಟ್ಟಿಯಲ್ಲಿ (ನಿಗದಿತ ದಿನಗಳೊಳಗೆ ಮಾಡಿಕೊಡಬೇಕಾದ ಸರ್ಕಾರಿ ಸೇವೆಗಳ ಪಟ್ಟಿ) ಇದ್ದರೆ ಸ್ವೀಕೃತಿ ಸಂಖ್ಯೆ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ವಿಳಂಬ ದಾಖಲಾಗುತ್ತದೆ, ಅಲ್ವಾ?

ವಕೀಲರ ಫೀಸಿಗೆ ಹೆದರುವವರಿಗೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ.

ಕೌಂಟರಿನಲ್ಲಿ ಅರ್ಜಿ ತಗೊಳ್ಳದಿದ್ದರೆ ಜಗಳ ಬೇಡ, ಅಂಚೆಯಲ್ಲಿ ಕಳಿಸಿ. ಅಂಚೆ ರಸೀದಿಯನ್ನು ಅವತ್ತೇ ಜೆರಾಕ್ಸ್ ಮಾಡಿಸಿಡಿ, ಅದರ ಅಕ್ಷರ ಬೇಗ ಮಾಸುತ್ತದೆ.