ರಿಬ್ ಎಣಿಸಿ ಜೀನಸ್ ಕೇಳ್ಬೇಡಿ, ಕೊಕ್ಕು ಅರೆಯಿರಿ

ಕಛ್‌ಗೆ ಫೀಲ್ಡ್‌ಗೆ ಹೋಗಿ ಬಂದ ಜಿಯಾಲಜಿ ಮಕ್ಕಳು ಶಿರಸಿಯಲ್ಲಿರೋ ನನಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸ್ತಾರೆ. ಅಂಗೈ ಮೇಲೆ ಒಂದು ಬ್ರೇಕಿಯೋಪಾಡ್ (ಎರಡು ಚಿಪ್ಪಿನ ಕಡಲಪ್ರಾಣಿ) ಪಳೆಯುಳಿಕೆ, ಕೆಳಗೆ "ಸರ್, ಇದು ಕ್ಯಾಲಿರಿಂಕಿಯಾನೋ ಕಚ್ಚಿರಿಂಕಿಯಾನೋ? ರಿಬ್ ಎಣಿಸಿದ್ದೇನೆ". ಕಳಿಸ್ತಾರಲ್ಲ ಅಂತ ಖುಷಿನೇ, ಆದ್ರೆ ರಿಬ್ (ಚಿಪ್ಪಿನ ಮೇಲಿನ ಏಣು) ಎಣಿಸಿ ಜೀನಸ್ (ಹತ್ತಿರದ ಜಾತಿಗಳ ಗುಂಪು, ಅವರು ಕೇಳಿದ ಎರಡು ಹೆಸರೂ ಅಂಥವೇ) ಹೇಳೋಕೆ ಬರೋದಿಲ್ಲ ಮಾರಾಯ್ರೆ, ಎಷ್ಟು ಸಲ ಹೇಳಿದ್ರೂ ಇದೊಂದು ತಲೆಗೆ ಹೋಗ್ತಿಲ್ಲ. (ಅಘನಾಶಿನಿಯ ಬಳಚನ್ನ ಬ್ರೇಕಿಯೋಪಾಡ್ ಅಂತ ತರೋರಿಗೆ ಇಲ್ಲಿ ಉತ್ತರ ಬರೀತಿಲ್ಲ, ಅದು ಬೇರೆ ಪ್ರಾಣಿ.)

1900ರಲ್ಲಿ ಪಳೆಯುಳಿಕೆ ತಜ್ಞ ಕಿಚಿನ್ ಕಛ್‌ನ ಬ್ರೇಕಿಯೋಪಾಡ್ ಬಗ್ಗೆ ಬರೆದಾಗ ಈ ಥರದ್ದೆಲ್ಲ ರಿಂಕೊನೆಲ್ಲಾ ಅನ್ನೋ ಒಂದೇ ಜೀನಸ್ ಹೆಸರಲ್ಲೇ ಇದ್ವು. ಆಮೇಲೆ 1918ರ ಹೊತ್ತಿಗೆ ಬಕ್‌ಮನ್ ಅನ್ನೋ ಇನ್ನೊಬ್ಬ ತಜ್ಞ ಅದನ್ನ ಒಡೆದು ಹೊಸ ಜೀನಸ್‌ಗಳನ್ನ ಮಾಡಿದ, ಅದಕ್ಕೆ ಅವನು ಚಿಪ್ಪನ್ನ ಸುಟ್ಟು ಹೊರಪದರ ಉದುರಿಸಿ ಒಳಗಿನ ಸ್ನಾಯುಗಳ ಗುರುತು ನೋಡ್ತಿದ್ದ. ಅಂದ್ರೆ ಈ ಹೆಸರುಗಳು ಹುಟ್ಟಿದ್ದೇ ಒಳಗನ್ನ ನೋಡಿ. ಹೊರಗಿನ ಆಕಾರ ಆ ಪ್ರಾಣಿ ಎಂಥ ತಳದ ಮೇಲೆ, ಎಂಥ ನೀರಲ್ಲಿ ಬದುಕಿತ್ತು ಅನ್ನೋದನ್ನೂ ಹಿಡ್ಕೊಂಡು ಬರ್ತದೆ, ಸಂಬಂಧವೇ ಇಲ್ಲದ ಎರಡು ಕುಲದವು ಅಚ್ಚು ಒಂದೇ ಥರ ಕಾಣ್ಬಹುದು. ಟಾರ್ಕ್ವಿರಿಂಕಿಯಾ ಅನ್ನೋ ಜೀನಸ್‌ನ ಅಂಚು ಒಂದು ಕಡೆಗೆ ತಿರುಚಿರ್ತದೆ, ನಿಜ, ಆದ್ರೆ ತಿರುಚಿದ್ದೆಲ್ಲ ಟಾರ್ಕ್ವಿರಿಂಕಿಯಾ ಅಲ್ಲ.

ನಯವಾದ ಚಿಪ್ಪಿನವಲ್ಲಿ ಸ್ವಲ್ಪ ಸುಲಭ. ಎರಡು ಚಿಪ್ಪಲ್ಲಿ ಚಿಕ್ಕದರ ಕೊಕ್ಕಿನ (ಚೂಪಾದ ಹಿಂತುದಿ) ಹತ್ರ ನೀರು ಹಚ್ಚಿ ಬೆಳಕಿಗೆ ಓರೆಯಾಗಿ ಹಿಡೀರಿ, ನಡುವೆ ಒಂದು ಕಪ್ಪು ಗೆರೆ ಕಂಡ್ರೆ ಒಳಗೆ ಸೆಪ್ಟಮ್ (ನಡುವಿನ ತೆಳು ಗೋಡೆ) ಇದೆ, ಆಗ ಝೈಲೇರಿಯಾದ ಗುಂಪಿನ ಕಡೆ ಯೋಚ್ನೆ ಮಾಡ್ಬಹುದು. ಜುರಾಸಿಕ್‌ನ ಗಿಡ್ಡ ಲೂಪಿನ (ಆಹಾರ ಹಿಡಿಯೋ ಅಂಗಕ್ಕೆ ಆಸರೆಯಾದ ಒಳಬಳೆ) ಟೆರೆಬ್ರಾಟುಲಿಡ್ ಅನ್ನೋ ಗುಂಪಿನವಲ್ಲಿ ಸಾಮಾನ್ಯವಾಗಿ ಆ ಸೆಪ್ಟಮ್ ಇರೋದಿಲ್ಲ, ಡೆಂಟಲ್ ಪ್ಲೇಟೂ (ಕೀಲಿನ ಹಲ್ಲಿಗೆ ಆಸರೆಯ ಫಲಕ) ಇರೋದಿಲ್ಲ. ಆದ್ರೂ ಇದು ಗುಂಪು ಹೇಳ್ತದೆ ಅಷ್ಟೆ, ಜೀನಸ್ ಅಲ್ಲ.

ರಿಬ್ ಇರೋ ರಿಂಕೊನೆಲ್ಲಿಡ್‌ಗಳಿಗೆ (ರಿಂಕೊನೆಲ್ಲಾದ ಬಳಗ) ಅರೆಯೋದೇ ದಾರಿ. ಮೊದಲು ಫೋಟೋ, ಅಳತೆ, ಪ್ಲಾಸ್ಟರ್ ಅಚ್ಚು, ಆಮೇಲೆ ಕೊಕ್ಕಿನ ಕಡೆಯಿಂದ 0.1 ಅಥವಾ 0.2 ಮಿಲಿಮೀಟರ್‌ನಂತೆ ಅರೆಯುತ್ತಾ ಹೋಗಿ, ಪ್ರತಿ ಹಂತಕ್ಕೂ ತೆಳು ಆಸಿಡ್ ಮುಟ್ಟಿಸಿ ಅಸಿಟೇಟ್ ಹಾಳೆಯಲ್ಲಿ ಪೀಲ್ (ಅರೆದ ಮುಖದ ಪಡಿಯಚ್ಚು) ತೆಗೀಬೇಕು. ಡೆಂಟಲ್ ಪ್ಲೇಟ್ ಎಲ್ಲಿ ಶುರು, ಸೆಪ್ಟಮ್ ಎಷ್ಟು ದೂರ ಹೋಗ್ತದೆ, ಕ್ರೂರಾ (ಕೀಲಿಂದ ಒಳಗೆ ಚಾಚಿದ ಕಡ್ಡಿಗಳು) ಹೇಗೆ ಬಾಗ್ತದೆ, ಇದನ್ನೆಲ್ಲ ಸಾಲಾಗಿ ಇಟ್ಟು ನೋಡ್ಬೇಕು. ಚಿಪ್ಪು ಸ್ವಲ್ಪ ಓರೆಯಾಗಿ ಕೂತ್ರೂ ಚಿತ್ರವೇ ಬೇರೆ ಬರ್ತದೆ, ಹಾಗಾಗಿ ಬೇರೆಯವರ ಪೇಪರ್‌ನ ಚಿತ್ರಕ್ಕೆ ನಿಮ್ಮದು ಹೊಂದ್ಲಿಲ್ಲ ಅಂತ ಹೊಸ ಜೀನಸ್ ಘೋಷಿಸ್ಬೇಡಿ. "ಸಿಟಿ ಸ್ಕ್ಯಾನ್ ಮಾಡಿದ್ರೆ ಆಗ್ತದಲ್ಲ ಸರ್" ಅಂತಾರೆ, ಆಗ್ತದೆ ಕೆಲವೊಮ್ಮೆ, ಆದ್ರೆ ಚಿಪ್ಪೂ ಕ್ಯಾಲ್ಸೈಟ್ (ಸುಣ್ಣದ ಖನಿಜ), ಒಳಗೆ ತುಂಬಿರೋದೂ ಕ್ಯಾಲ್ಸೈಟ್ ಆದ್ರೆ ಎಲ್ಲ ಒಂದೇ ಬೂದು ಕಾಣ್ತದೆ.

ಹೋದ ವರ್ಷ ಯಲ್ಲಾಪುರ ಕಡೆಯ ಒಬ್ಬ ಹುಡುಗಿ ಮನೆಗೇ ಬಂದಿದ್ಲು, ಕರ್ಚೀಫಲ್ಲಿ ಸುತ್ತಿ ಒಂದೇ ಒಂದು ಚಿಪ್ಪು. ಅರೆಯೋಣ ಅಂದೆ, ಕಣ್ಣಲ್ಲಿ ನೀರು ಬಂತು. "ಹಾಳಾಗ್ತದಲ್ಲ ಸರ್". ಅವಳು ಹೇಳಿದ್ದು ಸರಿನೇ, ಒಂದೇ ಇದ್ರೆ ನಾನೂ ಅರೆಯೋಲ್ಲ. ಅದೇ ಪದರದ್ದು ನಾಲ್ಕಾರು ಸಿಕ್ರೆ ಮಾತ್ರ ಒಂದೆರಡನ್ನ ಬಲಿ ಕೊಡ್ಬಹುದು. ಅಲ್ಲಿ ತನಕ "ರಿಂಕೊನೆಲ್ಲಿಡ್, ಜೀನಸ್ ಖಚಿತವಿಲ್ಲ" ಅಂತ ಬರಿ ತಂಗಿ, ಯಾವ ಊರು, ಯಾವ ಪದರ, ಅದನ್ನ ಮಾತ್ರ ಲೇಬಲ್‌ನಲ್ಲಿ ಪೂರ್ತಿ ಬರಿ ಅಂದೆ. ಚೀಟಿ ಅಲ್ಲೇ ಕೂತು ಬರೆದ್ಲು. ಈ ಸಲ ಅವಳ ಜೂನಿಯರ್ಸ್ ಅದೇ ಪದರಕ್ಕೆ ಹೋಗ್ತಿದ್ದಾರಂತೆ.